ಒತ್ತಡದಲ್ಲಿ ಸತು ಕರಗಿಸುವಾಗ ಕಾಟ ಕೊಡುವುದು ಗಂಧಕವೇ

ಸತು, ಗಂಧಕ ಕೂಡಿರುವ ಸಲ್ಫೈಡ್ ಅದಿರನ್ನು ಹುರಿದರೆ ಒಂದು ಕಿಲೋ ಸತುವಿಗೆ ಹೆಚ್ಚು ಕಡಿಮೆ ಒಂದು ಕಿಲೋ ಸಲ್ಫರ್ ಡೈಆಕ್ಸೈಡ್ ಏಳುತ್ತದೆ. ಅದನ್ನು ಹಿಡಿಯಲು ಪಕ್ಕದಲ್ಲೇ ಆಸಿಡ್ ಕಾರ್ಖಾನೆ ಬೇಕು. ಹುರಿಯದೆ, ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಆಕ್ಸಿಜನ್ ಒತ್ತಡ ಕೊಟ್ಟು ಕರಗಿಸಿದರೆ ಅದೇ ಗಂಧಕ ಅರ್ಧ ಕಿಲೋ ಗಟ್ಟಿಯಾಗಿ ಉಳಿಯುತ್ತದೆ. ಕೆನಡಾದ ಟ್ರೇಲ್‌ನಲ್ಲಿ 1981ರಿಂದ ಇದನ್ನು ದೊಡ್ಡದಾಗಿ ಮಾಡಿದರು. ನಾನು ಮಾಡಿದ್ದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲ್ಯಾಬಿನಲ್ಲಿ, ಒತ್ತಡ ತಡೆಯುವ ಮುಚ್ಚಿದ ಪಾತ್ರೆಯಾದ ಚಿಕ್ಕ ಟೈಟಾನಿಯಂ ಆಟೋಕ್ಲೇವ್‌ನಲ್ಲಿ. ಕಾನ್ಸಂಟ್ರೇಟ್, ಅಂದರೆ ಕಲ್ಲುಮಣ್ಣು ಬೇರ್ಪಡಿಸಿದ ಅದಿರು, ರಾಜಸ್ಥಾನದ್ದು.

ಮೊದಲ ಕೆಲಸ ಅರೆಯುವುದು. ಮುಕ್ಕಾಲುವಾಸಿಗಿಂತ ಎಷ್ಟೋ ಜಾಸ್ತಿ ಪುಡಿ 44 ಮೈಕ್ರಾನ್ ಜರಡಿ ದಾಟಬೇಕು. ಆಕ್ಸಿಜನ್ ಪೈಪಿಗೆ ಎಣ್ಣೆ, ಗ್ರೀಸ್ ಸೋಕಿಸಲೇಬಾರದು, ಬೆಂಕಿ ಹತ್ತುತ್ತದೆ. ಆಮೇಲೆ 150 ಡಿಗ್ರಿಗೆ ಕಾಯಿಸಿ ಆಕ್ಸಿಜನ್ ಬಿಡುತ್ತೇನೆ. ಮೀಟರ್ ತೋರಿಸುವ ಒತ್ತಡವೆಲ್ಲ ಆಕ್ಸಿಜನ್ನಿನದಲ್ಲ. ಆ ಶಾಖದಲ್ಲಿ ಸುಮಾರು 4.7 ಬಾರ್ ನೀರಿನ ಆವಿಯದ್ದೇ ಇರುತ್ತದೆ. ಹೊಸ ಹುಡುಗರು ಇದನ್ನು ಕಳೆಯದೆ ಲೆಕ್ಕ ಹಾಕುತ್ತಾರೆ.

150 ಯಾಕೆ? ಗಂಧಕ 119 ಡಿಗ್ರಿ ಸುಮಾರಿಗೆ ಕರಗುತ್ತದೆ. 160 ದಾಟಿದರೆ ಆಲೆಮನೆ ಕೊಪ್ಪರಿಗೆಯ ಪಾಕದ ಹಾಗೆ ಮಂದವಾಗಿಬಿಡುತ್ತದೆ. ಅದಕ್ಕೇ ಈ ನಡುವೆ ಉಳಿಯಬೇಕು. ತೆಳ್ಳಗಿದ್ದರೂ ಗಂಧಕ ಸುಮ್ನೆ ಇರುವುದಿಲ್ಲ, ಕರಗದ ಸಲ್ಫೈಡ್ ಕಣಗಳಿಗೆ ಮೆತ್ತಿಕೊಂಡು ಆಸಿಡ್ ತಗಲದಂತೆ ತಡೆಯುತ್ತದೆ. ಹೋಲಿಕೆಗೆಂದು ಒಮ್ಮೆ ಏನೂ ಬೆರೆಸದೆ ಓಡಿಸಿದೆ. ಉಂಡೆಗಳು ಸಿಕ್ಕವು. ಒಡೆದು ನೋಡಿದರೆ ಒಳಗೆ ಅದಿರು ಕಪ್ಪಗೆ ಹಾಗೇ ಇತ್ತು. ಮುಂದಿನ ಸಲ ಚಿಟಿಕೆಯಷ್ಟು ಲಿಗ್ನೊಸಲ್ಫೊನೇಟ್ ಹಾಕಿದೆ. ಕಾಗದದ ತಿರುಳು ತೆಗೆಯುವಾಗ ಸಿಗುವ ಅಗ್ಗದ ಮಾಲು ಅದು. ಗಂಧಕ ಸಣ್ಣ ಹನಿಗಳಾಗಿ ಬಿಡಿಸಿಕೊಂಡಿತು, ಸತುವೂ ಚೆನ್ನಾಗಿ ಕರಗಿತು. ನನ್ನ ಮಟ್ಟಿಗೆ ಈ ವಿಧಾನ ನಿಂತಿರುವುದೇ ಆ ಚಿಟಿಕೆ ಪುಡಿಯ ಮೇಲೆ.

ಕಬ್ಬಿಣವೂ ಬೇಕು. ಫೆರಿಕ್, ಫೆರಸ್ ಅನ್ನುವುದು ದ್ರಾವಣದಲ್ಲಿ ಕಬ್ಬಿಣದ ಎರಡು ರೂಪ. ಫೆರಿಕ್ ಕಬ್ಬಿಣ ಸಲ್ಫೈಡನ್ನು ಒಡೆದು ಫೆರಸ್ ಆಗುತ್ತದೆ, ಆಕ್ಸಿಜನ್ ಅದನ್ನು ಮತ್ತೆ ಫೆರಿಕ್ ಮಾಡುತ್ತದೆ. ನಮ್ಮ ಕಾನ್ಸಂಟ್ರೇಟ್‌ನಲ್ಲಿ ಅದು ಮೊದಲೇ ಇದ್ದುದರಿಂದ ಬೇರೆ ಹಾಕಲಿಲ್ಲ.

ಒಂದು ಕಿಲೋ ಸತುವಿಗೆ ಒಂದೂವರೆ ಕಿಲೋ ಆಸಿಡ್ ತಗಲುತ್ತದೆ. ಜಾಸ್ತಿ ಆಯಿತು ಅನ್ನಿಸುತ್ತೆ, ಅಲ್ವಾ? ಆದರೆ ವಿದ್ಯುತ್ ಹಾಯಿಸಿ ಸತು ತೆಗೆಯುವಾಗ ಅಷ್ಟೂ ವಾಪಸ್ ಬರುತ್ತದೆ. ಕಾರ್ಖಾನೆಗಳು ಅದನ್ನೇ ಮತ್ತೆ ಆಟೋಕ್ಲೇವ್‌ಗೆ ಸುರಿಯುತ್ತವೆ.

ತಣಿಸುವಾಗ ಕಲಕುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಗಂಧಕ ತಳದಲ್ಲಿ ಹೆಪ್ಪುಗಟ್ಟುತ್ತದೆ, ಉಳಿ ಹಿಡಿದು ಕೆರೆಯಬೇಕಾಗುತ್ತದೆ. ಸೋಸಿದ ಮೇಲೆ ಉಳಿದ ಗಷ್ಟನ್ನೂ ಎಸೆಯಬೇಡಿ. ಸೀಸ, ಬೆಳ್ಳಿ ಎರಡೂ ಅದರಲ್ಲೇ ಇರುತ್ತವೆ.