ವಾರ್ಪ್ 9ರ ಮೇಲಿನ ಗೆರೆ ಕೊನೆಗೂ ಕೂತಿತು

"ಅದಕ್ಕೆ ಸೂತ್ರವೇ ಇಲ್ಲ ಮಾರಾಯ, ಕೈಯಲ್ಲಿ ಎಳೆದ ಗೆರೆ ಅದು." ಸ್ಟಾರ್ ಟ್ರೆಕ್ ಟಿವಿ ಸರಣಿಗಳ ಹಡಗು ಬೆಳಕಿಗಿಂತ ಎಷ್ಟು ವೇಗವಾಗಿ ಓಡುತ್ತದೆ ಎಂದು ಹೇಳುವ ಅಂಕಿಯೇ ವಾರ್ಪ್; 9ರ ಆಚೆ ಅದರ ವೇಗಕ್ಕೆ ಸೂತ್ರ ಹುಡುಕುತ್ತೇನೆ ಎಂದಾಗ ನಮ್ಮ ಸ್ಟಾರ್ ಟ್ರೆಕ್ ಬಳಗದಲ್ಲಿ ಈ ಮಾತು ಹೇಳದೆ ಉಳಿದವರಿಲ್ಲ. ಫಿಸಿಕ್ಸ್ ಕಲಿಸುವ ನಮ್ಮ ಸರ್ ಒಬ್ಬರಂತೂ ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, ನಗಲು ಶುರು ಮಾಡುತ್ತಿದ್ದರು.

ಅದರ ನೆಕ್ಸ್ಟ್ ಜನರೇಶನ್ ಸರಣಿಯ ಕಾಲದ ಅಳತೆ ನಿಮಗೆಲ್ಲ ಗೊತ್ತೇ ಇದೆ. ವಾರ್ಪ್ ಅಂಕಿಗೆ 10/3ರ ಘಾತ ಹಾಕಿದರೆ ಬೆಳಕಿನ ಎಷ್ಟು ಪಟ್ಟು ವೇಗ ಎಂಬುದು ಸಿಗುತ್ತದೆ. 8ಕ್ಕೆ ಸರಿಯಾಗಿ 1024, 9ಕ್ಕೆ 1516. ತಕರಾರು ಇರುವುದೆಲ್ಲ ಅಲ್ಲಿಂದ ಮುಂದೆ, ಅನಂತ ವೇಗದ 10ರವರೆಗೆ. ಆ ಸರಣಿಯ ಹಡಗಿನ ಬಗ್ಗೆ ಸ್ಟರ್ನ್‌ಬಾಕ್ ಮತ್ತು ಒಕುಡಾ ಬರೆದ 1991ರ ಪುಸ್ತಕ, ಟೆಕ್ನಿಕಲ್ ಮ್ಯಾನುಅಲ್‌ಗೆ ವಿದೇಶದಿಂದ ಸೆಕೆಂಡ್ ಹ್ಯಾಂಡ್ ತರಿಸಿದಾಗ ಎರಡು ಸಾವಿರದಷ್ಟು ಆಯಿತು, ಅಂಚೆ ಖರ್ಚೂ ಹೆಚ್ಚುಕಡಿಮೆ ಅಷ್ಟೇ. ಮನೆಯಲ್ಲಿ ಅರ್ಧ ಬೆಲೆ ಹೇಳಿದ್ದೇನೆ.

ನನ್ನ ಹತ್ತಿರ ಇದ್ದ ಅಂಕಿಗಳು ಇಷ್ಟೇ: 9.2ಕ್ಕೆ 1649, 9.6ಕ್ಕೆ 1909, 9.9ಕ್ಕೆ 3053, 9.99ಕ್ಕೆ 7912, 9.9999ಕ್ಕೆ 1,99,516.

ಮೊದಲು ವೇಗಕ್ಕೇ ನೇರವಾಗಿ ಬಹುಪದ ಕೂರಿಸಲು ಹೋದೆ. ಎಲ್ಲ ಬಿಂದುಗಳನ್ನೂ ಮುಟ್ಟುತ್ತದೆ, ಆದರೆ ನಡುವೆ ಸೊನ್ನೆಗಿಂತ ಕೆಳಗಿಳಿದು ಹಡಗು ಹಿಂದಕ್ಕೆ ಓಡುತ್ತದೆ! ಆಮೇಲೆ ಹತ್ತರಿಂದ ವಾರ್ಪ್ ಅಂಕಿ ಕಳೆದು, ಉಳಿದದ್ದರಿಂದ ಭಾಗಿಸುವ ದಾರಿ. ಅದು ವಿಪರೀತ ಅವಸರದ್ದು: 9.9ರಿಂದ 9.99ಕ್ಕೆ ಹೋದರೆ ಹತ್ತು ಪಟ್ಟು ಏರುತ್ತದೆ, ಪಟ್ಟಿಯಲ್ಲಿ ಏರಿದ್ದು ಎರಡೂವರೆ ಪಟ್ಟು ಚಿಲ್ಲರೆ. ಟ್ಯಾನ್ಜೆಂಟ್ ಹಾಕಿದರೂ ಅದೇ ಹಾಡು. ಗೆಳೆಯನೊಬ್ಬನ ಮಾತು ಕೇಳಿ ವಕ್ರರೇಖೆ ಹೊಂದಿಸುವ ಸಾಫ್ಟ್‌ವೇರ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ, ಮೂರೂವರೆ ಸಾವಿರ ಇರಬೇಕು. ಅದು ಹನ್ನೆರಡು ಪದಗಳ ಸಮೀಕರಣವೊಂದನ್ನು ಕಕ್ಕಿತು. ದಶಮಾಂಶದ ಆಚೆ ಎಂಟೆಂಟು ಅಂಕಿ. ಸರಣಿಯ ಅಂತರಿಕ್ಷ ಪಡೆ ಸ್ಟಾರ್‌ಫ್ಲೀಟ್‌ನ ಯಾವ ಎಂಜಿನಿಯರ್ ಅದನ್ನು ನೆನಪಿಟ್ಟುಕೊಳ್ಳುತ್ತಾನೆ?

ದಾರಿ ತೆರೆದದ್ದು ವೇಗವನ್ನು ಬಿಟ್ಟು ಘಾತವನ್ನು ಹಿಡಿದಾಗ. 9ರ ಆಚೆ ಘಾತವೇ ಏರುತ್ತ ಹೋಗುತ್ತದೆ ಎಂಬ ಸುಳಿವು ಆ ಪುಸ್ತಕದಲ್ಲೇ ಇದೆ, ಓದಿದವರು ಬಹಳ. ವೇಗದ ಲಾಗ್ ಅನ್ನು ವಾರ್ಪ್ ಅಂಕಿಯ ಲಾಗ್‌ನಿಂದ ಭಾಗಿಸಿದೆ. 9.9ಕ್ಕೆ 3.5 ಬಂತು. ಕಾಕತಾಳೀಯ ಅಂದುಕೊಂಡೆ. 9.99ಕ್ಕೆ 3.9. 9.9999ಕ್ಕೆ 5.3. ಮೂರನೇ ದಶಮಾಂಶದವರೆಗೂ ಹೀಗೇ, ಇಸ್ತ್ರಿ ಹಾಕಿದ ಹಾಗೆ. ಕೈಯಲ್ಲಿ ಎಳೆದ ಗೆರೆ ಹೀಗಿರುವುದಿಲ್ಲ ಸ್ವಾಮಿ.

ಹತ್ತಕ್ಕೆ ಎಷ್ಟು ಹತ್ತಿರ ಎಂಬುದನ್ನು ಲಾಗ್‌ನಲ್ಲಿ ಅಳೆದೆ. ಹತ್ತಕ್ಕೆ 0.1 ಬಾಕಿ ಇದ್ದರೆ 1, 0.01 ಇದ್ದರೆ 2, 0.0001 ಇದ್ದರೆ 4. ಈ ಅಂಕಿಯನ್ನು ಕ್ಷ ಎನ್ನೋಣ. ಘಾತ = 3.3 + 0.1 × ಕ್ಷ × (ಕ್ಷ + 1). ಮೂರು ಬಿಂದುಗಳೂ ಸರಿಯಾಗಿ ಕೂರುತ್ತವೆ. ಮೂರು ಬಿಂದು ಇದ್ದರೆ ಯಾವ ವರ್ಗ ಸಮೀಕರಣವನ್ನಾದರೂ ಹಾಯಿಸಬಹುದು ಎಂದು ಸರ್ ತಕ್ಷಣ ಮೂಗು ಮುರಿದರು. ಒಪ್ಪಿದೆ. ಆದರೆ ಗುಣಾಂಕಗಳು 0.1, 0.1, 3.3 ಎಂದು ಬರುವುದೂ ಪುಕ್ಕಟೆಯೇ? ಅವರು ಕ್ಯಾಲ್ಕುಲೇಟರ್ ಕಿತ್ತುಕೊಂಡು ತಾವೇ ಒತ್ತಿ ನೋಡಿದರು, ಆಮೇಲೆ ಕಾಫಿ ಹೇಳಿದರು. ಬಿಲ್ಲೂ ಅವರೇ ಕೊಟ್ಟರು, ಬಳಗದಲ್ಲಿ ಇದು ಅಪರೂಪ.

ಕೆಳಗಿನ ತುದಿಯಲ್ಲಿ ಮಾತ್ರ ಇದು ಎಡವುತ್ತದೆ. 9ರಲ್ಲಿ 1516ರ ಬದಲು 1409 ತೋರಿಸುತ್ತದೆ, 9.6ರಲ್ಲಿ ಸ್ವಲ್ಪ ಹೆಚ್ಚು. 10/3ರ ಹಳೆಯ ಗೆರೆಯನ್ನೂ ಇದನ್ನೂ ಮುರಿದ ಗುರುತು ಕಾಣದಂತೆ ಬೆಸೆಯುವ ಒಂದು ಉಪಾಯ ಕಂಡುಕೊಂಡಿದ್ದೇನೆ.

ಈ ನಡುವೆ ಬೆಳಕಿಗಿಂತ ಕಡಿಮೆ ವೇಗದ ಓಟಕ್ಕೆ ಹಡಗು ಬಳಸುವ ಇಂಪಲ್ಸ್ ಎಂಜಿನ್ ಕಡೆಗೂ ಕೈ ಹಾಕಿದೆ. ಫುಲ್ ಇಂಪಲ್ಸ್ ಅಂದರೆ ಬೆಳಕಿನ ಕಾಲು ಭಾಗ. ಫ್ಯೂಷನ್ ಹೊಗೆ ಬೆಳಕಿನ ನೂರಕ್ಕೆ ಮೂರರಷ್ಟು ವೇಗದಲ್ಲಿ ಹೊರಬೀಳುತ್ತದೆ ಎಂದು ಧಾರಾಳವಾಗಿ ಹಿಡಿದರೂ, ಒಂದು ಟನ್ ಹಡಗಿಗೆ ಹೊರಡುವಾಗ ಇಂಧನ ಸೇರಿ ಐದು ಸಾವಿರ ಟನ್ ತೂಕ ಬೇಕು. ನಿಲ್ಲಿಸುವುದಕ್ಕೆ ಇನ್ನೊಮ್ಮೆ ಐದು ಸಾವಿರದಿಂದ ಗುಣಿಸಿ. ಹಡಗಿನ ತೂಕವನ್ನೇ ಇಳಿಸುವ ಡ್ರೈವರ್ ಕಾಯಿಲ್ ಇಟ್ಟದ್ದು ಅಲಂಕಾರಕ್ಕಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯ ಹಡಗು ವಾಯೇಜರ್ ಮನೆಗೆ ಮರಳಬೇಕಾದ 70,000 ಜ್ಯೋತಿರ್ವರ್ಷ, 75 ವರ್ಷದ ಲೆಕ್ಕವನ್ನೂ ಮಾಡಿದೆ: ಸರಾಸರಿ ವಾರ್ಪ್ 7.8ರ ಹತ್ತಿರ. 9.975 ಎಂದು ಬೀಗಿದ ಹಡಗು! ಅದೇ ಸರಣಿಯಲ್ಲಿ ಹಡಗಿನ ಪೈಲಟ್ ಪ್ಯಾರಿಸ್ 9.9 ಅಂದರೆ ಸೆಕೆಂಡಿಗೆ 400 ಕೋಟಿ ಮೈಲಿ ಎನ್ನುತ್ತಾನಲ್ಲ, ನನ್ನ ಸೂತ್ರದಲ್ಲಿ ಅದು 9.998 ಆಗುತ್ತದೆ. ಪೈಲಟ್ ಮಾತಿಗೆ ಅಷ್ಟು ವಿನಾಯಿತಿ ಇರಲಿ.

ಗೆರೆಯನ್ನು ಆರಡಿ ಫ್ಲೆಕ್ಸ್‌ನಲ್ಲಿ ಹಾಕಿಸಿದೆ, ಆರುನೂರು ಚಿಲ್ಲರೆ. ಯಾರ ಹುಟ್ಟುಹಬ್ಬ, ಫೋಟೋ ಎಲ್ಲಿ ಎಂದು ಅಂಗಡಿಯ ಹುಡುಗ ಕೇಳಿದ.

ನೀವೂ ಎಕ್ಸೆಲ್‌ನಲ್ಲಿ ಹಾಕಿ ನೋಡಿ. 9.6ಕ್ಕೆ 1977ರ ಆಸುಪಾಸು ಬಂದರೆ ಸೂತ್ರ ಸರಿಯಾಗಿ ಟೈಪ್ ಮಾಡಿದ್ದೀರಿ ಎಂದರ್ಥ. ಅದನ್ನು 1909ಕ್ಕೆ ತರುವ ಬೆಸುಗೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.