ಗಾಳಿ ತುಂಬುವ ಪ್ಯಾಡಲ್ ಬೋರ್ಡು: ಸಾಣಾಪುರದ ಕಡೆ ನಾನು ರೂಢಿಸಿಕೊಂಡ ಕ್ರಮ

ಪ್ಯಾಡಲ್ ಬೋರ್ಡು ಎಂದರೆ ಮೇಲೆ ನಿಂತು ಹುಟ್ಟು ಹಾಕುತ್ತಾ ನೀರಿನಲ್ಲಿ ಸಾಗುವ ಹಲಗೆ. ಅದರ ಮೇಲೆ ನಿಂತರೆ ಕಾಲು ನಡುಗುತ್ತದೆ, ಬ್ಯಾಲೆನ್ಸೇ ಸಿಗುತ್ತಿಲ್ಲ ಎನ್ನುವವರ ಕಾಲು ನೋಡುವ ಮೊದಲು ನಾನು ಪಂಪಿನ ಮೀಟರ್ ನೋಡುತ್ತೇನೆ. ಬಹಳ ಸಲ ಮುಳ್ಳು 8 ಅಥವಾ 9 ಪಿಎಸ್‌ಐನಲ್ಲಿ (ಗಾಳಿಯ ಒತ್ತಡದ ಅಳತೆ) ನಿಂತಿರುತ್ತದೆ. ಅಷ್ಟಕ್ಕೇ ಬೋರ್ಡು ಕೈಗೆ ಗಟ್ಟಿಯಾಗಿ ಸಿಗುವುದರಿಂದ ಸಾಕು ಅಂತ ಬಿಟ್ಟಿರುತ್ತಾರೆ. ನೀರಿಗಿಳಿಸಿ 70 ಕೆ.ಜಿ.ಯ ಆಳು ಮೇಲೆ ನಿಂತ ಕೂಡಲೇ ನಡು ಕುಸಿಯುತ್ತದೆ, ಎರಡೂ ತುದಿ ಮೇಲೇಳುತ್ತವೆ, ಪ್ರತಿ ಅಲುಗಾಟವೂ ದುಪ್ಪಟ್ಟಾಗಿ ಪಾದಕ್ಕೆ ಬರುತ್ತದೆ. ಅದೇ ಬೋರ್ಡಿಗೆ 14-15 ಪಿಎಸ್‌ಐ ತುಂಬಿದರೆ ಅದೇ ಮನುಷ್ಯ ನಿಲ್ಲುತ್ತಾನೆ. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಈ ಆಟದ ಅರ್ಧಕ್ಕಿಂತ ಹೆಚ್ಚು ಕೆಲಸ ದಂಡೆಯ ಮೇಲೇ ಮುಗಿಯಬೇಕು. ಒಳಗೆ ತುಂಬುವ ಗಾಳಿ, ಹೊರಗೆ ಬೀಸುವ ಗಾಳಿ, ನೆತ್ತಿಗೇರುವ ಬಿಸಿಲು, ಈ ಮೂರರ ಲೆಕ್ಕ ತಪ್ಪಿದರೆ ಹುಟ್ಟು ಹಾಕುವ ಜಾಣತನ ಏನೂ ಮಾಡದು.

ಬೋರ್ಡು ಕೊಳ್ಳುವಾಗ ತಲೆ ಕೆಡಿಸಿಕೊಳ್ಳುವುದು ಬೇಡ. ಹೊಸಬರಿಗೆ 10 ಅಡಿ 6 ಇಂಚು ಉದ್ದ, 32ರಿಂದ 34 ಇಂಚು ಅಗಲ, 6 ಇಂಚು ದಪ್ಪದ ಸಾದಾ ಆಕಾರದ್ದು ಸರಿ. ಇಂಥದರ ತೂಕ ಸಾಮಾನ್ಯವಾಗಿ 8ರಿಂದ 11 ಕೆ.ಜಿ.; ಬೆನ್ನಿಗೆ ಹಾಕುವ ಚೀಲದಲ್ಲಿ ಹಿಡಿಯುತ್ತದೆ, ಬೈಕಿನ ಹಿಂದೆ ಕಟ್ಟಿಕೊಂಡೂ ಹೋಗಬಹುದು. ಒಳಗೆ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ನೂಲುಗಳು ಎಳೆದು ಹಿಡಿದಿರುತ್ತವೆ. ಇದಕ್ಕೆ ಡ್ರಾಪ್ ಸ್ಟಿಚ್ ಎನ್ನುತ್ತಾರೆ. ಇಷ್ಟು ಒತ್ತಡ ತುಂಬಿದರೂ ಬೋರ್ಡು ಉಬ್ಬದೆ ಚಪ್ಪಟೆಯಾಗಿರುವುದು ಆ ನೂಲುಗಳಿಂದ. ಈ ನೂಲಿನ ಹೆಣಿಗೆ ಇಲ್ಲದ, ಈಜುಕೊಳದಲ್ಲಿ ಆಡುವ ಗಾಳಿ ಹಾಸಿಗೆಗಳನ್ನು ಅಗ್ಗವೆಂದು ತಂದರೆ ಅದರ ಮೇಲೆ ಮಲಗಬಹುದು, ನಿಲ್ಲಲಾಗದು.

ಪಂಪ್ ಹೊಡೆಯುವ ಮುಂಚೆ ವಾಲ್ವ್ ನೋಡಿ. ಮುಚ್ಚಳ ತೆಗೆದರೆ ನಡುವೆ ಸ್ಪ್ರಿಂಗ್ ಇರುವ ಸಣ್ಣ ಕಡ್ಡಿ ಕಾಣುತ್ತದೆ. ಒತ್ತಿ ಕಾಲು ಸುತ್ತು ತಿರುಗಿಸಿದರೆ ಅದು ಕೆಳಗೇ ಉಳಿಯುತ್ತದೆ ಇಲ್ಲವೇ ಮೇಲೆ ಬರುತ್ತದೆ. ಮೇಲಿದ್ದರೆ ವಾಲ್ವ್ ಮುಚ್ಚಿದೆ, ಕೆಳಗಿದ್ದರೆ ತೆರೆದಿದೆ. ತುಂಬುವಾಗ ಮೇಲೇ ಇರಬೇಕು. ಕೆಳಗಿದ್ದರೂ ಗಾಳಿ ತುಂಬುತ್ತದೆ, ಆದರೆ ಪಂಪಿನ ಪೈಪು ಕಳಚಿದ ಕ್ಷಣವೇ ಭುಸ್ಸೆಂದು ಎಲ್ಲವೂ ಹೊರಗೆ, ಮತ್ತೆ ಒಂದರಿಂದ ಶುರು. ವಾಲ್ವಿನ ಬಾಯಿಯಲ್ಲಿ ಎರೆಮಣ್ಣಿನ ಒಂದು ಹರಳು ಕೂತರೂ ರಬ್ಬರ್ ವಾಷರ್ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ.

ಇನ್ನು ಗಾಳಿಯ ಲೆಕ್ಕ. ಇಂಥ ಬೋರ್ಡಿನ ಒಳಗಾತ್ರ ಸುಮಾರು 300 ಲೀಟರ್. 15 ಪಿಎಸ್‌ಐ ಎಂದರೆ ಹೆಚ್ಚುಕಡಿಮೆ ಇನ್ನೊಂದು ವಾತಾವರಣದ ಒತ್ತಡ. ಅಂದರೆ ಹೊರಗಿನ 600 ಲೀಟರ್ ಗಾಳಿಯನ್ನು ಅದರೊಳಗೆ ತುರುಕಬೇಕು. ಕೈಪಂಪಿನಲ್ಲಿ ಮೊದಲು ಎಳೆದಾಗಲೂ ಒತ್ತಿದಾಗಲೂ ಗಾಳಿ ಹೋಗುವ ಕ್ರಮದಲ್ಲಿ ಹೊಡೆಯುತ್ತೇನೆ. 7-8 ಪಿಎಸ್‌ಐ ಬಂದು ಕೈ ಭಾರವಾದಾಗ ಪಂಪಿನ ಪಕ್ಕದ ಬಿರಟೆ ತೆಗೆದು, ಒತ್ತಿದಾಗ ಮಾತ್ರ ಗಾಳಿ ಹೋಗುವಂತೆ ಬದಲಿಸುತ್ತೇನೆ. ಮೊದಲ ಕೆಲವು ನಿಮಿಷ ಮೀಟರ್ ಮುಳ್ಳು ಅಲ್ಲಾಡುವುದೇ ಇಲ್ಲ, ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ತೋಳಿನಿಂದ ಒತ್ತಬಾರದು, ಕೈ ನೇರ ಮಾಡಿ ಮೈಭಾರವನ್ನೇ ಹಿಡಿಕೆಯ ಮೇಲೆ ಬಿಡಬೇಕು. ಸುಮಾರು ಹತ್ತು ನಿಮಿಷದ ಕೆಲಸ.

ಕಾರಿನ ಟೈರಿಗೆ ಹೊಡೆಯುವ ಪುಟ್ಟ ಕಂಪ್ರೆಸರ್ ಇದಕ್ಕೆ ಆಗುವುದಿಲ್ಲ. ಅದಕ್ಕೆ ಒತ್ತಡ ಇದೆ, ಗಾಳಿಯ ಪ್ರಮಾಣ ಇಲ್ಲ. 600 ಲೀಟರ್ ಮುಗಿಯುವ ಮುಂಚೆ ಬಿಸಿಯಾಗಿ ನಿಲ್ಲುತ್ತದೆ. ಪ್ಯಾಡಲ್ ಬೋರ್ಡಿಗೆಂದೇ ಬರುವ 12 ವೋಲ್ಟ್ ಪಂಪು ಬೇರೆ, ಬೇಕಾದ ಪಿಎಸ್‌ಐ ಹಾಕಿಟ್ಟರೆ ತಾನೇ ನಿಲ್ಲುತ್ತದೆ. ಅದು 10 ಆಂಪಿಯರ್ ಆಸುಪಾಸು ಎಳೆಯುವುದರಿಂದ ಎಂಜಿನ್ ಚಾಲೂ ಇಟ್ಟು, ಕಾರಿನ ಸಾಕೆಟ್ಟಿನ ಫ್ಯೂಸ್ ಎಷ್ಟರದ್ದೆಂದು ನೋಡಿಕೊಂಡು ಹಚ್ಚಿ. ಪಂಕ್ಚರ್ ಅಂಗಡಿಗೆ ಮಾತ್ರ ಒಯ್ಯಬೇಡಿ. ಅಲ್ಲಿನ ಟ್ಯಾಂಕಿನಲ್ಲಿ ನೂರಕ್ಕೂ ಮಿಕ್ಕಿ ಪಿಎಸ್‌ಐ ಇರುತ್ತದೆ, ಬೋರ್ಡಿನ ಹೊಲಿಗೆ ಒಮ್ಮೆ ಬಿಚ್ಚಿತೆಂದರೆ ಮತ್ತೆ ಕೂಡುವುದು ಕಷ್ಟ.

ನಮ್ಮ ಬಿಸಿಲಿಗೆ ಇದರಲ್ಲಿ ದೊಡ್ಡ ಪಾತ್ರ ಇದೆ. ಬೆಳಗ್ಗೆ 20 ಡಿಗ್ರಿಯಲ್ಲಿ 15 ಪಿಎಸ್‌ಐ ತುಂಬಿದ ಬೋರ್ಡನ್ನು ಬಿಸಿಲಿಗೆ ಕಾದ ಬಂಡೆಯ ಮೇಲೆ ಬಿಟ್ಟು ಒಳಗಾಳಿ 60 ಡಿಗ್ರಿಗೆ ಏರಿದರೆ ಒತ್ತಡ 19ರ ಹತ್ತಿರ ಹೋಗುತ್ತದೆ. ಬೋರ್ಡಿನ ಮೇಲೆ ಗರಿಷ್ಠ 15 ಎಂದು ಅಚ್ಚಾಗಿದ್ದರೆ ಅದು ಅಪಾಯದ ಮಾತೇ. ನೀರಿನಲ್ಲಿರುವಾಗ ಚಿಂತೆಯಿಲ್ಲ, ಕೆಳಗಿನ ನೀರು ತಂಪು ಮಾಡುತ್ತಿರುತ್ತದೆ. ದಂಡೆಗೆ ಬಂದು ಚಹಾ ಕುಡಿಯಲು ಕೂರುವುದಿದ್ದರೆ ಬೋರ್ಡನ್ನು ನೆರಳಿಗೆ ಎಳೆಯಿರಿ, ನೆರಳಿಲ್ಲದಿದ್ದರೆ ಕಡ್ಡಿ ಒತ್ತಿ ಮೂರ್ನಾಲ್ಕು ಪಿಎಸ್‌ಐ ಬಿಡಿ. ಮಾರ್ಚ್‌ನಿಂದ ಮೇ ತನಕ ನಾನು ಮೊದಲೇ 13ಕ್ಕೆ ನಿಲ್ಲಿಸುತ್ತೇನೆ. ತುಂಬಿದ ಬೋರ್ಡನ್ನು ಮುಚ್ಚಿದ ಕಾರಿನೊಳಗೆ ಇಡುವ ಮಾತೇ ಇಲ್ಲ.

ಬೋರ್ಡಿನ ಅಡಿಯಲ್ಲಿ ಹಿಂದೆ ಕೂಡಿಸುವ ರೆಕ್ಕೆಯಂಥ ಫಿನ್ನಿನ ಬಾಗು ಬಾಲದ ಕಡೆಗಿರಬೇಕು. ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ 20-25 ಸೆಂ.ಮೀ. ಹೆಚ್ಚು: ಹುಟ್ಟನ್ನು ಪಕ್ಕಕ್ಕೆ ನಿಲ್ಲಿಸಿ ಕೈ ಎತ್ತಿದರೆ ಹಿಡಿಕೆ ಮಣಿಕಟ್ಟಿಗೆ ಬರಬೇಕು. ಹುಟ್ಟಿನ ಎಲೆ, ಅಂದರೆ ನೀರಿಗೆ ಹಾಕುವ ಅಗಲ ತುದಿ, ಹಿಡಿಕೆಯಿಂದ ಸ್ವಲ್ಪ ಓರೆಯಾಗಿ ಕೂಡಿರುತ್ತದೆ. ಆ ಓರೆ ಮುಂದಕ್ಕೆ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ಚಮಚದಂತೆ ನೀರನ್ನು ಬಾಚುವ ಹಾಗೆ ಹಿಂದಕ್ಕೆ ತಿರುಗಿಸಿ ಹಿಡಿಯುವವರೇ ಹೆಚ್ಚು. ಹಾಗೆ ಹಿಡಿದರೆ ಎಳೆತದ ಕೊನೆಯಲ್ಲಿ ಎಲೆ ನೀರನ್ನು ಮೇಲಕ್ಕೆತ್ತುತ್ತದೆ, ಬೋರ್ಡು ಮುಂದೆ ಹೋಗುವ ಬದಲು ತಗ್ಗುತ್ತದೆ. ಲೈಫ್ ಜಾಕೆಟ್ ಈಜು ಬಲ್ಲವರಿಗೆ 50 ನ್ಯೂಟನ್ ತೇಲಿಸುವ ಬಲದ್ದು ಸಾಕು; ಈಜು ಬಾರದವರಿಗೆ ಅದು ಸಾಲದು, ಮುಖ ಮೇಲೆ ಮಾಡಿ ಹಿಡಿಯುವ 100ರದ್ದು ಬೇಕು. ನಿಂತ ನೀರಿನಲ್ಲಿ ಸುರುಳಿ ಲೀಶನ್ನು (ಬೋರ್ಡಿಗೆ ಕೂಡಿಸಿದ ಹಗ್ಗ) ಕಾಲಿಗೆ ಕಟ್ಟಿಕೊಳ್ಳಿ. ಬಿದ್ದಾಗ ಗಾಳಿಗೆ ಬೋರ್ಡು ನೀವು ಈಜುವುದಕ್ಕಿಂತ ಬೇಗ ದೂರ ಹೋಗುತ್ತದೆ. ಹರಿಯುವ ನೀರಿನಲ್ಲಿ ಮಾತ್ರ ಕಾಲಿಗೆ ಕಟ್ಟಲೇಬಾರದು. ಲೀಶ್ ಬಂಡೆಗೋ ಬೇರಿಗೋ ಸಿಕ್ಕಿದರೆ ಹರಿವಿನ ರಭಸಕ್ಕೆ ಬಗ್ಗಿ ಬಿಚ್ಚಿಕೊಳ್ಳಲು ಆಗುವುದಿಲ್ಲ.

ಹರಿಯುವ ನೀರು ಎಂದೆ. ತುಂಗಭದ್ರಾ ನದಿ ಹೊಸಬರ ಜಾಗವಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡು ಅಲುಗದೆ ನಿಂತಂತೆ ಕಂಡರೂ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ, ಬಂಡೆ ಸಂದುಗಳಲ್ಲಿ ಸೆಳೆತ ಇದೆ, ಮೊಸಳೆಗಳೂ ಇವೆ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ ಬೇರೆ. ರಾಯಚೂರು ಕಡೆಯ ಕೃಷ್ಣೆಗೂ ಮೊಸಳೆಯ ಮಾತು ಅನ್ವಯಿಸುತ್ತದೆ. ಮುನಿರಾಬಾದ್ ಮೇಲಿನ ಜಲಾಶಯ ತುಂಬಿದಾಗ 378 ಚದರ ಕಿ.ಮೀ. ಹರಡುತ್ತದೆ, ಅಷ್ಟು ಬಯಲು ಸಿಕ್ಕ ಗಾಳಿ ಅಲೆ ಎಬ್ಬಿಸದೆ ಬಿಡುವುದಿಲ್ಲ.

ಉಳಿಯುವುದು ಆನೆಗೊಂದಿ ಹತ್ತಿರದ ಸಾಣಾಪುರದಂಥ ಕೆರೆ. ಗುಡ್ಡಗಳ ಮರೆ ಇದೆ, ತೆಪ್ಪದವರ ಓಡಾಟ ಇರುವುದರಿಂದ ಕರೆದರೆ ಕೇಳುವ ಜನ ಇದ್ದಾರೆ. ಆದರೆ ಅದಕ್ಕೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಕಾಲುವೆ ಒಳಬರುವ ಮತ್ತು ಹೊರಹೋಗುವ ಬಾಯಿಗಳಿಂದ ದೂರ ಇರಿ, ಮೇಲ್ಮೈ ಕನ್ನಡಿಯಾಗಿ ಕಂಡರೂ ಅಲ್ಲಿ ಎಳೆತ ಇರುತ್ತದೆ. ನೀರು ಇಳಿದ ದಿನಗಳಲ್ಲಿ ಬಂಡೆಗಳ ತಲೆ ಮೇಲ್ಮೈಗೆ ಗೇಣು ಕೆಳಗೆ ಅಡಗಿರುತ್ತವೆ. ಫಿನ್ನು ತಾಗಿ ಬೋರ್ಡು ಗಕ್ಕನೆ ನಿಂತರೆ ನಿಂತವರು ಮುಗ್ಗರಿಸುವುದು ಬಂಡೆಯ ಮೇಲಕ್ಕೇ. ಇಳಿಯಲು ಅನುಮತಿ ಇದೆಯೇ ಎಂದು ಹೋಗುವ ಮುನ್ನವೇ ಕೇಳಿಕೊಳ್ಳಿ, ನಿಷೇಧದ ಫಲಕ ಇದ್ದರೆ ಇಳಿಯಬೇಡಿ. ಊರ ಕೆರೆಗಳಲ್ಲಾದರೆ ಮೀನಿನ ಗುತ್ತಿಗೆಯವರನ್ನು ಕೇಳಬೇಕು. ಸಾಲಾಗಿ ತೇಲುವ ಪ್ಲಾಸ್ಟಿಕ್ ಬಾಟಲಿ, ಥರ್ಮಕೋಲ್ ತುಂಡು ಕಂಡರೆ ಕೆಳಗೆ ಬಲೆ ಇದೆ ಎಂದೇ ಅರ್ಥ. ಸುತ್ತಿ ಹೋಗಿ.

ಹೊತ್ತು ಎಂದರೆ ಬೆಳಕು ಹರಿದ ಮೇಲಿನ ಎರಡು ಗಂಟೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೆಳಗ್ಗೆಯೇ ಶುರುವಾಗುವುದರಿಂದ ಬೋರ್ಡು ಮಡಚಿಟ್ಟರೆ ನಷ್ಟವಿಲ್ಲ. ಗಾಳಿಯ ವೇಗ ಗಂಟೆಗೆ 10-12 ಕಿ.ಮೀ. ಮೀರಿದರೆ ಹೊಸಬರು ಇಳಿಯಬಾರದು. ಮೊಬೈಲ್ ಆ್ಯಪ್‌ ಜೊತೆಗೆ ದಂಡೆಯ ಮರ ನೋಡಿ: ಎಲೆ ಸರಸರ ಅಂದರೆ ಪರವಾಗಿಲ್ಲ, ಸಣ್ಣ ರೆಂಬೆಗಳು ಬಿಡದೆ ಆಡತೊಡಗಿದರೆ ಬೇಡ. ತೆಪ್ಪದವರು ‘ಗಾಳಿ ಏಳಾಕ ಹತ್ತೈತಿ, ದಂಡಿಗೆ ಬರ್ರಿ ಸರ’ ಅಂದರೆ ಆ್ಯಪ್ ಏನೇ ತೋರಿಸಲಿ, ನಾನು ತಿರುಗಿಬಿಡುತ್ತೇನೆ. ಹೊರಡುವಾಗ ಗಾಳಿಗೆ ಎದುರಾಗಿಯೇ ಹೋಗಬೇಕು, ಆಗ ದಣಿದು ಮರಳುವಾಗ ಗಾಳಿಯೇ ತಳ್ಳುತ್ತದೆ.

ಮೊಣಕಾಲುದ್ದ ನೀರಿಗೆ ಹೋಗಿ ಬೋರ್ಡು ಬಿಡಿ, ಅದಕ್ಕಿಂತ ಕಡಿಮೆಯಾದರೆ ಫಿನ್ನು ನೆಲಕ್ಕೆ ತಾಗುತ್ತದೆ. ನಡುವಿನ ಹಿಡಿಕೆಯ ಎರಡು ಪಕ್ಕಕ್ಕೆ ಮೊಣಕಾಲೂರಿ ದಂಡೆಯಿಂದ ದೂರ ಹೋಗಿ. ಹಿಡಿಕೆ ಇರುವುದು ಬೋರ್ಡಿನ ತೂಕದ ನಡುವಿಗೆ. ಪಾದವೂ ಕೊನೆಗೆ ಅದರ ಎರಡು ಪಕ್ಕಕ್ಕೇ ಬರಬೇಕು. ಹುಟ್ಟನ್ನು ಅಡ್ಡ ಇಟ್ಟು ಎರಡೂ ಕೈ ಊರಿ, ಮೊಣಕಾಲು ಇದ್ದ ಜಾಗಕ್ಕೆ ಒಂದು ಪಾದ, ಆಮೇಲೆ ಇನ್ನೊಂದು. ಏಳುವಾಗ ಮೊದಲು ಎದೆ ಏಳಲಿ, ಮೊಣಕಾಲು ತುಸು ಬಾಗಿಯೇ ಇರಲಿ. ಎದ್ದ ಕೂಡಲೇ ಹುಟ್ಟಿನ ಎಲೆಯನ್ನು ನೀರಿಗೆ ಹಾಕಿ, ಅದು ಮೂರನೆಯ ಕಾಲಿನ ಕೆಲಸ ಮಾಡುತ್ತದೆ. ಸುಮ್ಮನೆ ನಿಂತ ಬೋರ್ಡು ಸಾಗುವ ಬೋರ್ಡಿಗಿಂತ ಹೆಚ್ಚು ಅಲುಗುತ್ತದೆ. ದೃಷ್ಟಿ ಎದುರಿನ ದಂಡೆಯ ಮೇಲಿರಲಿ. ಪಾದ ನೋಡಿದರೆ ತಲೆ ತಗ್ಗುತ್ತದೆ, ಮೈಯೂ ತಲೆಯ ಹಿಂದೆಯೇ ಹೋಗುತ್ತದೆ.

ಹುಟ್ಟು ಹಾಕುವಾಗ ಎಲೆ ಪೂರ್ತಿ ಮುಳುಗಲಿ. ಮುಂದೆ ಚಾಚಿ ಹಾಕಿ, ಹಿಮ್ಮಡಿಯ ನೇರಕ್ಕೆ ಬಂದಾಗ ತೆಗೆಯಿರಿ. ಅದರಾಚೆ ಎಳೆದರೆ ಬೋರ್ಡು ತಿರುಗುತ್ತದೆ. ನಾಲ್ಕೈದಕ್ಕೊಮ್ಮೆ ಬದಿ ಬದಲಿಸಿ, ಬದಲಿಸುವಾಗ ಮೇಲಿನ ಕೈ ಕೆಳಗೆ ಬರಬೇಕು. ಗಾಳಿ ಎದ್ದರೆ ಮೊಣಕಾಲೂರಿ, ಇನ್ನೂ ಎದ್ದರೆ ಹುಟ್ಟನ್ನು ಎದೆಯಡಿ ಇಟ್ಟು ಬೋರಲು ಮಲಗಿ ಕೈಯಿಂದ ಈಸಿ.

ಬೀಳುವುದಾದರೆ ಪಕ್ಕಕ್ಕೆ, ಬೋರ್ಡಿನಿಂದ ದೂರಕ್ಕೆ, ಮೈ ಚಪ್ಪಟೆ ಮಾಡಿ ಬೀಳಿ. ಕಾಲು ಕೆಳಗೆ ಮಾಡಿ ಅಥವಾ ತಲೆ ಮುಂದು ಮಾಡಿ ಬೀಳಬಾರದು, ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಎಂದು ಗೊತ್ತಿರುವುದಿಲ್ಲ. ಮತ್ತೆ ಹತ್ತಲು ಬೋರ್ಡಿನ ನಡುವಿಗೆ ಬಂದು ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಕಾಲನ್ನು ಹಿಂದೆ ಮೇಲ್ಮೈಗೆ ತಂದು ಒದೆಯಿರಿ; ಹೊಟ್ಟೆ ಜಾರಿ ಮೇಲೆ ಬರುತ್ತದೆ. ಕಾಲು ಬೋರ್ಡಿನಡಿ ಹೋಗಲು ಬಿಟ್ಟು ತೋಳಿನಿಂದ ಎತ್ತಿಕೊಳ್ಳಲು ಹೋದರೆ ಬೋರ್ಡು ಮಗುಚುತ್ತದೆ. ಇದನ್ನು ಎದೆಮಟ್ಟದ ನೀರಿನಲ್ಲಿ ಕಲಿತೇ ಮುಂದೆ ಹೋಗಿ.

ನಮ್ಮ ಕೆರೆದಂಡೆಗಳಲ್ಲಿ ಬೋರ್ಡಿಗೆ ದೊಡ್ಡ ಶತ್ರು ಬಳ್ಳಾರಿ ಜಾಲಿ ಮುಳ್ಳು. ತಾಡಪಾಲು ಹಾಸದೆ ಬೋರ್ಡು ಬಿಚ್ಚಬೇಡಿ. ಒತ್ತಡ ಇಳಿಯುತ್ತಿದ್ದರೆ ಸೋಪಿನ ನೀರನ್ನು ಮೊದಲು ವಾಲ್ವಿನ ಸುತ್ತ ಹಾಕಿ. ಗುಳ್ಳೆ ಎದ್ದರೆ ಜೊತೆಗೆ ಬಂದ ವಾಲ್ವ್ ಕೀಲಿಯಿಂದ ಬಿಗಿಮಾಡಿದರೆ ಬಹುಪಾಲು ನಿಲ್ಲುತ್ತದೆ. ಮುಳ್ಳಿನ ತೂತಾದರೆ ಗಾಳಿ ಪೂರ್ತಿ ಬಿಟ್ಟು, ಒಣಗಿಸಿ, ಅಸಿಟೋನ್‌ನಿಂದ ಒರೆಸಿ, ತೂತಿನ ಸುತ್ತ ಎರಡೂವರೆ ಸೆಂ.ಮೀ. ಆದರೂ ಮೀರುವಂತೆ ಪಿವಿಸಿ ತುಂಡು ದುಂಡಗೆ ಕತ್ತರಿಸಿ. ಪಿವಿಸಿ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಕೈಗೆ ಅಂಟಂಟಾಗುವವರೆಗೆ ಬಿಟ್ಟು, ಕೂಡಿಸಿ ಭಾರ ಹೇರಿ 24 ಗಂಟೆ ಇಡಿ. ಸೈಕಲ್ ಟ್ಯೂಬಿನ ಸೊಲ್ಯೂಷನ್ ರಬ್ಬರಿಗೆ, ಪಿವಿಸಿಗಲ್ಲ. ತಣ್ಣಗಿದ್ದಾಗ ಹಿಡಿದಂತೆ ಕಂಡು ಬಿಸಿಲಿಗೆ ಬಿಡುತ್ತದೆ. ಸೋರುವುದು ಅಂಚಿನ ಹೊಲಿಗೆಯಲ್ಲಾದರೆ ಕೈ ಹಾಕದೆ ಮಾರಿದವರಿಗೆ ಕಳಿಸಿ.