ತೋಟದ ಕೇಬಲ್‌ಗೆ ಜಾಯಿಂಟ್: ಕರಿ ಟೇಪ್ ನಂಬಿ ಮಣ್ಣು ಮುಚ್ಚಬೇಡಿ

ಹೋದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದ ಪಂಪ್ ನಿಂತುಹೋಯಿತು. ಸ್ಟಾರ್ಟರ್ ಒತ್ತಿದರೆ ಟ್ರಿಪ್. ಮೋಟರ್ ಸುಟ್ಟಿರಬೇಕು ಅಂತ ಮೇಲೆತ್ತಿಸಲು ಹೊರಟಿದ್ದೆವು. ಕಳ್ಳ ಸಿಕ್ಕಿದ್ದು ಬದುವಿನ ಪಕ್ಕ, ಗೇಣುದ್ದ ಆಳದಲ್ಲಿ. ಹಿಂದೊಮ್ಮೆ ಜೆಸಿಬಿ ಹಲ್ಲಿಗೆ ಸಿಕ್ಕಿ ತುಂಡಾಗಿದ್ದ ಕೇಬಲ್‌ಗೆ ಅಲ್ಲಿ ಜಾಯಿಂಟ್ ಹಾಕಿದ್ದರು. ಟೇಪ್ ಬಿಚ್ಚಿದರೆ ಕೆಸರು ನೀರು ತೊಟ್ಟಿಕ್ಕಿತು. ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಕೈಯಲ್ಲೇ ಪುಡಿಯಾದವು.

ಮಣ್ಣಿನಡಿಯ ಜಾಯಿಂಟ್ ಅಂದರೆ ನೀರಲ್ಲಿ ಮುಳುಗಿರುವ ಜಾಯಿಂಟ್ ಅಂತಲೇ ಲೆಕ್ಕ. ಹೊಸ ಲೈನ್ ಆದರೆ ಸ್ಟಾರ್ಟರ್‌ನಿಂದ ಬೋರ್‌ವರೆಗೆ ಒಂದೇ ತುಂಡು ಕೇಬಲ್ ಎಳೆಸಿಬಿಡಿ. ಜಾಯಿಂಟ್ ಹಾಕಲೇಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನೇ ಕರೆಸಿ, ಕಾನೂನು ಹೇಳುವುದೂ ಅದನ್ನೇ. ನೀವು ಪಕ್ಕದಲ್ಲಿ ನಿಂತು ನೋಡಿ.

ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. "ಈಗ ಕರೆಂಟೇ ಇಲ್ವಲ್ಲ" ಅಂತ ಸುಮ್ನೆ ಕೈ ಹಾಕಬಾರದು. ಆಟೋ ಸ್ಟಾರ್ಟರ್ ಇದ್ದರೆ ತ್ರೀ ಫೇಸ್ ಬಂದ ಕೂಡಲೇ ತಾನೇ ಚಾಲೂ ಆಗುತ್ತದೆ. ಮೂರೂ ಫೇಸ್ ಸತ್ತಿವೆಯಾ ಅಂತ ಮೀಟರ್ ಹಿಡಿದು ನೋಡಿಸಿ. ಆ ಮೀಟರ್ ಸರಿ ಇದೆಯಾ ಅನ್ನುವುದನ್ನು ಕರೆಂಟ್ ಇರುವ ಕಡೆ ಮೊದಲೇ ನೋಡಿರಬೇಕು.

ಕೇಬಲ್ ಒಳಗೆ ಎಳೆಗಳ ಸಂದಿಯಲ್ಲೇ ನೀರು ದೂರ ಹೋಗಿರುತ್ತದೆ. ಹಾಗಾಗಿ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಬಿಸಾಕಬೇಕು. ಆಮೇಲೆ ಹೀಟ್ ಶ್ರಿಂಕ್ ಸ್ಲೀವ್‌ಗಳಲ್ಲಿ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ದೊಡ್ಡ ಹೊರ ಸ್ಲೀವನ್ನು ಕೇಬಲ್‌ಗೆ, ಸಣ್ಣವನ್ನು ಒಂದೊಂದು ಕೋರ್‌ಗೆ, ಅಂದರೆ ಒಳಗಿನ ಒಂದೊಂದು ವೈರ್‌ಗೆ, ತೂರಿಸಿ ಆಚೆ ಸರಿಸಿಡಬೇಕು. ಇದನ್ನು ಮರೆತು ಕೋರ್ ಸೇರಿಸಿ, ಮತ್ತೆ ಕತ್ತರಿಸದ ವೈರ್‌ಮನ್ ಇದ್ದಾರಾ ಅಂತ ನನಗೆ ಅನುಮಾನ!

ಕೆಂಪು, ಹಳದಿ, ನೀಲಿ ಕೋರ್‌ಗಳ ಜಾಯಿಂಟ್ ಒಂದೇ ಕಡೆ ಬರದಂತೆ ಹಿಂದೆ ಮುಂದೆ ಇರಲಿ. ವೈರ್ ಹೊಸೆದು ಬಿಡುವುದು ಬೇಡ. ಅದೇ ಸೈಜಿನ ತಾಮ್ರದ ಫೆರೂಲ್ (ಎರಡೂ ವೈರ್ ತುದಿ ತೂರಿಸುವ ಚಿಕ್ಕ ಕೊಳವೆ) ಹಾಕಿ ಕ್ರಿಂಪಿಂಗ್ ಟೂಲ್‌ನಿಂದ ಒತ್ತಬೇಕು, ಕಟಿಂಗ್ ಪ್ಲೇಯರ್‌ನಿಂದಲ್ಲ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇದ್ದರೆ ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಫೆರೂಲ್ ಬೇಕೇ ಬೇಕು.

ಹೀಟ್ ಶ್ರಿಂಕ್ ಸ್ಲೀವ್‌ಗಳಲ್ಲಿ ಒಳಗೆ ಅಂಟು ಇರುವಂಥದ್ದನ್ನೇ ಕೇಳಿ ತನ್ನಿ. ನಡುವಿನಿಂದ ತುದಿಯ ಕಡೆಗೆ ಬಿಸಿ ಕೊಡುತ್ತಾ ಹೋದರೆ ಗಾಳಿ ಹೊರಗೆ ಬರುತ್ತದೆ. ಎರಡೂ ತುದಿಯಲ್ಲಿ ಅಂಟು ಉಂಗುರದ ಹಾಗೆ ಒಸರಬೇಕು. ಅದು ಕಾಣದಿದ್ದರೆ ನೀರಿಗೆ ದಾರಿ ಇದೆ ಅಂತ ಅರ್ಥ. ರೆಸಿನ್ ಸುರಿಯುವ ಕಿಟ್ ಇನ್ನೂ ಗಟ್ಟಿ, ಆದರೆ ಅದು ಹೆಪ್ಪಾಗುವವರೆಗೆ ಕೇಬಲ್ ಅಲುಗಬಾರದು.

ಆರ್ಮರ್ಡ್ ಕೇಬಲ್ (ಉಕ್ಕಿನ ತಂತಿಯ ಕವಚ ಇರುವಂಥದ್ದು) ಆದರೆ ಎರಡೂ ಬದಿಯ ಉಕ್ಕಿನ ತಂತಿಗಳನ್ನು ತಾಮ್ರದ ಪಟ್ಟಿಯಿಂದ ಸೇರಿಸಲೇಬೇಕು. ಬಿಟ್ಟರೆ ಆರ್ಮರಿನ ಅರ್ಥಿಂಗ್ ಅಲ್ಲಿಗೇ ಕಡಿಯುತ್ತದೆ.

ಮುಚ್ಚುವ ಮೊದಲು ಮೋಟರ್, ಸ್ಟಾರ್ಟರ್ ಎರಡನ್ನೂ ಬಿಡಿಸಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ. 1 ಮೆಗಾಓಮ್ ಅನ್ನುವುದು ತೀರಾ ಕನಿಷ್ಠ, ಹೊಸ ಜಾಯಿಂಟ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು.

ಕೇಬಲ್ ಹಾಕುವ ಭಾರತೀಯ ಮಾನದಂಡವಾದ ಐಎಸ್ 1255 ಪ್ರಕಾರ ಪಂಪಿನ ಇಂಥ ಲೋ ವೋಲ್ಟೇಜ್ ಕೇಬಲ್ 75 ಸೆಂಟಿಮೀಟರ್ ಆಳದಲ್ಲಿರಬೇಕು, ರಸ್ತೆ ದಾಟುವಲ್ಲಿ 1 ಮೀಟರ್. ಕೆಳಗೂ ಮೇಲೂ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ. ಜಾಯಿಂಟ್ ಹತ್ತಿರ ಕೇಬಲ್ ಸ್ವಲ್ಪ ಸಡಿಲವಾಗಿ ಬಾಗಿರಲಿ, ಮಣ್ಣು ಕುಸಿದರೆ ಎಳೆತ ಬೀಳುವುದಿಲ್ಲ.

ಗುಂಡಿ ತೆರೆದಿರುವಾಗಲೇ ಅಳತೆ ಟೇಪ್ ಇಟ್ಟು ಫೋಟೋ ತೆಗೆದುಕೊಳ್ಳಿ. ನಾವು ಜಾಯಿಂಟ್ ಮೇಲೆ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟಿದ್ದೇವೆ. ಈ ಸಲ ಜೆಸಿಬಿ ಬಂದಾಗ ಡ್ರೈವರ್‌ಗೆ ಚಹಾ ಕೊಡುವ ಮೊದಲು ಆ ಕಲ್ಲು ತೋರಿಸಿದೆವು.